ಹೊರಗಟ್ಟೆಯಲ್ಲಿ ಕುಳಿತವಳ ಸೇಡು

ಊಟದ ತಟ್ಟೆಗಳನ್ನು ಗೋಡೆಗೆ ಮೊಳೆ ಹೊಡೆದು ಏರಿಸಿದ್ದರು. ಒಂದೆರಡಲ್ಲ, ನಮ್ಮಲ್ಲಿ ದೇವರ ಪಟಗಳನ್ನು ಸಾಲಾಗಿ ತೂಗುಹಾಕುವಂತೆ ಸೂರಿನವರೆಗೂ ತಟ್ಟೆಗಳು. ನೀಲಿ ಹೂವಿನವು, ಹಡಗಿನ ಚಿತ್ರದವು, ಮೀನಿನವು. ಕೋಣೆಯ ಒಂದು ಬದಿಗೆ ನನ್ನ ಎದೆಯೆತ್ತರದ ಮರದ ಅಟ್ಟಣಿಗೆ, ಅದರ ಮೇಲೆ ಕಸೂತಿ ಹಾಕಿದ ದಿಂಬುಗಳ ರಾಶಿ. ಅಟ್ಟಣಿಗೆಯ ಮುಂದೆ ಹನ್ನೆರಡು ಮೇಜು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸವಿದೆ ಎಂದು ಕೇಳಿ ಬಂದವಳು ನಾನು. ಯಾರದೋ ಮಲಗುವ ಮನೆಗೆ ನುಗ್ಗಿಬಿಟ್ಟೆನೇನೋ ಎಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತೆ.

ಒಳಗಿನಿಂದ ಒಬ್ಬ ಹೆಂಗಸು ಕೈಯೊರೆಸಿಕೊಳ್ಳುತ್ತ ಬಂದು, ನನ್ನ ಬರಿಗಾಲು ನೋಡಿ ನಕ್ಕು, "ಎಲಾ" ಎಂದಳು. ಅವರ ಭಾಷೆಯಲ್ಲಿ ಹಾಗೆಂದರೆ ಬಾ ಎಂದರ್ಥ. ಗ್ರೀಕ್ ಭಾಷೆಯಲ್ಲಿ ನಾನು ಕಲಿತ ಮೊದಲ ಮಾತು ಅದು. ಅವಳು ಸೋಫಿಯಾ, ಮಾಲೀಕ ಮಾನೋಲಿಯ ಹೆಂಡತಿ. ಅವರ ಮಗ ಯಾನಿ ಅಡುಗೆ ಮಾಡುತ್ತಿದ್ದ, ಮಗಳು ಕಲಿಯೋಪಿ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಹೊರಗಿನವಳೆಂದರೆ ನಾನೊಬ್ಬಳೇ.

ಇದು ಎಂಬತ್ತರ ದಶಕದ ಕೊನೆಯ ಮಾತು, ಊರು ಆಸ್ಟ್ರೇಲಿಯಾದ ಮೆಲ್ಬರ್ನ್. ನನ್ನ ಯಜಮಾನರು ಅಲ್ಲಿಯವರೆಗೆ ಕಲಬುರಗಿ ಪಕ್ಕದ ಕಪನೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಅವರ ದೊಡ್ಡಪ್ಪನ ಮಗ ಕರೆಸಿಕೊಂಡ ಎಂದು ಇಲ್ಲಿಗೆ ಬಂದೆವು. ಕಲಬುರಗಿಯಲ್ಲಿ ಮನೆಯ ಬಾಗಿಲು ತೆರೆದರೆ ಓಣಿಯೇ ಒಳಗೆ ಬರುತ್ತಿತ್ತು. ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಯಜಮಾನರು ಪಾಳಿಗೆ ಹೋದ ಮೇಲೆ ನೀರಿನ ನಲ್ಲಿ ಮಾತ್ರ ಮಾತಾಡುತ್ತಿತ್ತು. ಒಗ್ಗರಣೆ ಹಾಕಿದರೆ ಮನೆಯೊಡತಿ ಬಂದು ಕಿಟಕಿ ಬಡಿಯುತ್ತಿದ್ದಳು. ಇಂಗು ಎಂದರೇನೆಂದು ಅವಳಿಗೆ ಹೇಳುವಷ್ಟು ಇಂಗ್ಲಿಷ್ ನನಗಿರಲಿಲ್ಲ. ಮೂರು ತಿಂಗಳು ಹಾಗೆ ಗೋಡೆ ನೋಡಿ ಬೇಸತ್ತು ಕೆಲಸ ಹುಡುಕಿಕೊಂಡು ಹೊರಟೆ.

ಪಾತ್ರೆ ತೊಳೆಯುವವಳು ಒಲೆಯ ಹತ್ತಿರ ಹೋದ ಕಥೆಯನ್ನು ಕಮಲಾಪುರದಿಂದ ಶುರು ಮಾಡಬೇಕು. ಅದು ನನ್ನ ಅವ್ವನ ತವರು. ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ಕೆಂಪು ಬಾಳೆಹಣ್ಣು ತಿನ್ನುವುದು, ಮಾಳಿಗೆಯ ಮೇಲೆ ಕುಳಿತು ಗವಲಿ ಹೊಸೆಯುವುದು, ಎರಡೇ ಕೆಲಸ. ಮದುವೆಯ ಪಾಯಸಕ್ಕೆಂದು ಗೋಧಿಹಿಟ್ಟಿನ ಕಣಕವನ್ನು ಜೀರಿಗೆಯಷ್ಟು ಸಣ್ಣಗೆ ಹೊಸೆದು ಒಣಗಿಸುವುದೇ ಗವಲಿ. ಇನ್ನೊಂದು ಬಗೆ ಪರಡಿ. ಅದಕ್ಕೆ ಬೆರಳ ತುದಿಯಿಂದ ಒತ್ತಿ ಗುಳಿ ಮಾಡಬೇಕು. ನನ್ನ ಗುಳಿ ಆಳವಾದರೆ ಅವ್ವ ಬೆರಳಿನ ಮೇಲೇ ಒಂದು ಕೊಡುತ್ತಿದ್ದಳು.

ಒಂದು ದಿನ ಸೋಫಿಯಾ ಹಿಟ್ಟು ನಾದಿ, ಬೆರಳಿನಿಂದ ಒತ್ತಿ ಒತ್ತಿ ಗುಳಿ ಮಾಡುತ್ತಿದ್ದಳು. ಅದಕ್ಕೆ ಮಕರೂನೆಸ್ ಎನ್ನುತ್ತಾರೆ. ಬೇಯಿಸಿ, ಮೇಲೆ ಕೆಂಪಗೆ ಹುರಿದ ಉಳ್ಳಾಗಡ್ಡಿ ಮತ್ತು ತುರಿದ ಚೀಸ್ ಹಾಕಿ ಬಡಿಸುವುದು. ನಾನು ಸೋಪಿನ ಕೈ ತೊಳೆದು ಅವಳ ಪಕ್ಕ ನಿಂತೆ, ಕೇಳದೆಯೇ ಹಿಟ್ಟಿಗೆ ಕೈ ಹಾಕಿದೆ. ಹತ್ತು ನಿಮಿಷದಲ್ಲಿ ಅವಳದು ಒಂದು ಹರಿವಾಣ, ನನ್ನದು ಎರಡು. ಅವಳು ಗಂಡನನ್ನು ಕೂಗಿ ಕರೆದಳು. ಮಾನೋಲಿ ಒಂದನ್ನು ಕೈಯಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಿ, "ನಿನ್ನದು ಯಾವ ದ್ವೀಪ?" ಎಂದು ಕೇಳಿದ. ನಾನು "ಕಮಲಾಪುರ" ಎಂದೆ. ಮರುದಿನದಿಂದ ಪಾತ್ರೆಗೆ ಬೇರೆಯವಳು ಬಂದಳು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮಾನೋಲಿಯ ದ್ವೀಪ ಕಾರ್ಪಾಥೊಸ್. ಗೋಡೆಯ ತಟ್ಟೆಗಳ ಕಥೆಯನ್ನು ಅವನೇ ಹೇಳಿದ. ಅವನ ಇಂಗ್ಲಿಷ್ ಮುರುಕಲು, ನನ್ನದು ಇನ್ನೂ ಮುರುಕಲು, ಆದರೂ ಸಿಟ್ಟಿನ ಮಾತು ಚೆನ್ನಾಗಿ ತಿಳಿಯುತ್ತಿತ್ತು. ಅವರ ದ್ವೀಪದ ಹಳೆಯ ಪದ್ಧತಿಯಂತೆ ತಾಯಿಯ ಮನೆ, ಹೊಲ, ಒಡವೆ ಎಲ್ಲ ಹಿರಿಮಗಳಿಗೆ. ಅಂಥವಳನ್ನು ಕನಕಾರಾ ಎನ್ನುತ್ತಾರೆ. ಹಬ್ಬದ ದಿನ ಬಂಗಾರದ ನಾಣ್ಯಗಳ ಸರ ಹಾಕಿಕೊಂಡು ಮುಂದೆ ನಿಲ್ಲುವವಳು ಅವಳು. ತಂದೆಯದು ಹಿರಿಮಗನಿಗೆ. ಉಳಿದವರು ಅವರ ಹೊಲದಲ್ಲಿ ದುಡಿಯಬೇಕು, ಇಲ್ಲವೇ ಹಡಗು ಹತ್ತಬೇಕು. ಮಾನೋಲಿ ಎರಡನೆಯ ಮಗ. "ಅಮ್ಮ ತೀರಿಕೊಂಡ ವಾರದಲ್ಲೇ ಅಕ್ಕ ನನ್ನ ಹಾಸಿಗೆ ಸುತ್ತಿ ಅಂಗಳಕ್ಕೆ ಇಟ್ಟಳು" ಎಂದ. ಅವನು ಹಡಗು ಹತ್ತಿದ. ಇಲ್ಲಿ ಹೋಟೆಲು ಹಾಕುವಷ್ಟಾದಾಗ ನೆನಪಿನಿಂದಲೇ ತಾಯಿಯ ಮನೆಯನ್ನು ಅಳತೆ ತಪ್ಪದೆ ಕಟ್ಟಿಸಿದ. ಸೂಫಾ ಎಂದು ಕರೆಯುವ ಆ ಮಲಗುವ ಅಟ್ಟಣಿಗೆ, ತಟ್ಟೆಗಳು, ದಿಂಬು, ಎಲ್ಲ. ಕಟ್ಟಿಸಿ ಫೋಟೋ ತೆಗೆಸಿ ಅಕ್ಕನಿಗೆ ಕಳಿಸಿದ. ಪತ್ರ ಬರೆಯಲಿಲ್ಲ, ಫೋಟೋ ಮಾತ್ರ. ಪ್ರತಿ ವರ್ಷ ಹೊಸ ತಟ್ಟೆ ಏರಿಸಿದಾಗ ಇನ್ನೊಂದು ಫೋಟೋ.

ನಾನು ಅದನ್ನು ಕೇಳಿ ಬಿದ್ದು ಬಿದ್ದು ನಕ್ಕೆ. ಅಕ್ಕನ ಮೇಲಿನ ಸಿಟ್ಟಿಗೆ ಯಾರಾದರೂ ಹೋಟೆಲು ಕಟ್ಟುತ್ತಾರೆಯೇ? ಆಮೇಲೆ ನನ್ನ ಸರದಿ ಬಂತು.

ಕಲಬುರಗಿಯಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ದೂರಕ್ಕೆ ನಮ್ಮದೊಂದು ಖಾನಾವಳಿ ಇತ್ತು. ಕಮಲಾಪುರದ ಅಜ್ಜ ತನ್ನ ಮಗಳಿಗೆ, ಅಂದರೆ ನಮ್ಮ ಅವ್ವನಿಗೆ, ಅವಳ ಹೆಸರಿಗೇ ಬರೆದುಕೊಟ್ಟ ಜಾಗ. ನಮ್ಮಪ್ಪ ಮಂತ್ರ ಹೇಳಿಕೊಂಡು ಊರೂರು ತಿರುಗುವವನು. ಒಲೆ ಹಚ್ಚಿದವಳು ಅವ್ವ. ಐವಾನ್-ಎ-ಶಾಹಿಯ ಕಡೆಯ ಸರಕಾರಿ ಗುಮಾಸ್ತರು, ಪರವೂರಿನ ಮಾಸ್ತರರು ಅವಳ ರೊಟ್ಟಿ, ಕಟ್ಟಿನ ಸಾರಿಗೆ ಬರುತ್ತಿದ್ದರು. ಅವ್ವ ಎಲ್ಲರದೂ ಮುಗಿದ ಮೇಲೆ, ನಿಂತುಕೊಂಡೇ, ಉಳಿದದ್ದನ್ನು ಉಣ್ಣುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನನ್ನ ಅಣ್ಣ ಗಲ್ಲಾದ ಹಿಂದೆ ಕುಳಿತ. ಬೋರ್ಡಿನ ಮೇಲೆ ತನ್ನ ಹೆಸರು ಬರೆಸಿದ.

ತೊಂಬತ್ತರ ದಶಕದ ನಡುವೆ ಅವ್ವ ತೀರಿಕೊಂಡಳು. ವಿಮಾನ, ರೈಲು, ಬಸ್ಸು ಎಂದು ನಾನು ಮುಟ್ಟಿದಾಗ ಒಂಬತ್ತನೆಯ ದಿನ. ಹನ್ನೆರಡನೆಯ ದಿನದ ಅಡುಗೆಗೆ ಸೆರಗು ಸಿಕ್ಕಿಸಿ ಹೊರಟವಳನ್ನು ಅಣ್ಣ ಖಾನಾವಳಿಯ ಅಡುಗೆಮನೆಯ ಹೊಸ್ತಿಲಲ್ಲಿ ತಡೆದ. ಅವನ ಕೈಯಲ್ಲಿ ಒಂದು ಪತ್ರ. ನಾನೇ ಅವ್ವನಿಗೆ ಬರೆದದ್ದು. ಪಾತ್ರೆಯಿಂದ ಒಲೆಗೆ ಬಂದೆ ಎಂಬ ಹಿಗ್ಗಿನಲ್ಲಿ, ಕುರಿಮಾಂಸವನ್ನು ನಿಂಬೆಹುಳಿಯಲ್ಲಿ ಬೇಯಿಸುವುದನ್ನೂ ಕಲಿತೆ, ಬಾಯಿಗೆ ಹಾಕುವುದಿಲ್ಲ ಅಷ್ಟೇ ಎಂದು ಬರೆದಿದ್ದೆ. ಅವ್ವನ ಕಣ್ಣು ಮಂದವಾಗಿತ್ತು, ಪತ್ರ ಓದಿ ಹೇಳುವವನು ಅಣ್ಣನೇ ಎಂಬುದನ್ನು ಮರೆತಿದ್ದೆ. ಆಚಾರ್ಯರು, ನೆಂಟರು ಎಲ್ಲರ ಮುಂದೆ ಅದನ್ನು ಗಟ್ಟಿಯಾಗಿ ಓದಿದ.

"ಕೇಳಿದ್ರಲ್ಲ? ಕುರಿ ಬೇಯಿಸೋ ಕೈ. ಆ ಕೈ ಅವ್ವನ ಒಲಿಗೆ ಹತ್ತಬಾರದು. ನೀ ಹೊರಗ ಕಟ್ಟಿ ಮ್ಯಾಲ ಕೂಡು, ಎಲಿ ಅಲ್ಲೇ ಹಾಕ್ತಾರ."

"ಅಣ್ಣಾ, ಆಕಿ ನನ್ನ ಅವ್ವನೂ ಹೌದು."

"ಕೊಟ್ಟ ಮ್ಯಾಲ ನೀ ಬ್ಯಾರೆ ಮನೀಕಿ. ಸುಮ್ನ ಹೋಗಿ ಕೂಡು."

ಹೊರಗೆ ಹೋಗಿ ಕುಳಿತೆ. ಕಟ್ಟೆಯ ಮೇಲೆ ಮಹಬೂಬ್ ಚಾಚಾ ಇದ್ದರು. ಖಾನಾವಳಿಯ ಪಕ್ಕದಲ್ಲೇ ಅವರ ದರ್ಜಿ ಅಂಗಡಿ. ದಿನಾ ಮಧ್ಯಾಹ್ನ ತಮ್ಮ ಡಬ್ಬಿಯಲ್ಲಿ ಅವ್ವನ ಊಟ ಹಾಕಿಸಿಕೊಂಡು ಆ ಕಟ್ಟೆಯ ಮೇಲೆ ಉಣ್ಣುವವರು. ಅವರು ಹೆಗಲ ಟವೆಲಿನಿಂದ ಪಕ್ಕದ ಜಾಗ ಝಾಡಿಸಿ ಕೊಟ್ಟರು.

"ಬೈಠೋ ಬೇಟಿ. ಅಳಬ್ಯಾಡ. ಮೂವತ್ತ್ ವರ್ಷ ಆತು, ನಾ ಇಲ್ಲೇ ಕುಂತು ಉಣ್ಣಾಕತ್ತೀನಿ. ಒಳಗ ಬಾ ಅಂತ ನಿಮ್ಮವ್ವ ಒಂದಿನ ಅಂದಿಲ್ಲ, ನೀನೂ ಅಂದಿಲ್ಲ."

ಬೈದು ಹೇಳಿದ್ದಲ್ಲ. ಸೂಜಿಗೆ ದಾರ ಪೋಣಿಸುವಷ್ಟೇ ಸಮಾಧಾನದಲ್ಲಿ ಹೇಳಿದರು. ನನಗೆ ಅವತ್ತು ಅದನ್ನು ಯೋಚಿಸುವಷ್ಟು ಪುರಸೊತ್ತು ಇರಲಿಲ್ಲ, ಮೈಯೆಲ್ಲ ಅಣ್ಣನ ಮೇಲೆ ಉರಿಯುತ್ತಿತ್ತು. ಇವನನ್ನು ಒಂದು ದಿನ ಇದೇ ಕಟ್ಟೆಯ ಮೇಲೆ ಕೂಡಿಸುತ್ತೇನೆ ಎಂದುಕೊಂಡೆ. ಅನ್ನ ನುಂಗಿದೆ, ಆ ಮಾತನ್ನೂ ನುಂಗಿದೆ.

ಮೆಲ್ಬರ್ನಿಗೆ ಮರಳಿ ಇದನ್ನೆಲ್ಲ ಹೇಳಿದರೆ ಮಾನೋಲಿ ಸಮಾಧಾನ ಮಾಡಲಿಲ್ಲ. ಬದಲಿಗೆ ಚಿತ್ರವಿಲ್ಲದ ಒಂದು ತಟ್ಟೆ ತಂದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, "ಇದು ನಿನ್ನ ತಾಯಿಯದು" ಎಂದ. ಊರಿನಲ್ಲಿ ಇಷ್ಟು ಜನ ಬಂಧುಗಳಿದ್ದೂ ಯಾರೂ ನನ್ನ ಸಿಟ್ಟಿಗೆ ಒಂದು ಜಾಗ ಕೊಟ್ಟಿರಲಿಲ್ಲ. ಇಲ್ಲಿ ಅದಕ್ಕೆ ಒಂದು ಮೊಳೆ ಸಿಕ್ಕಿತು. ಒಂಬತ್ತು ವರ್ಷ ಅದರ ಕೆಳಗೆ ನಿಂತು ಮಕರೂನೆಸ್ ಮಾಡಿದೆ. ಪ್ರತಿ ಗುಳಿಯನ್ನೂ ಅಣ್ಣನ ಹಣೆಯ ಮೇಲೆ ಒತ್ತಿದ ಹಾಗೇ ಒತ್ತಿದೆ. ರುಚಿ ಏನೂ ಕೆಡಲಿಲ್ಲ, ಗಿರಾಕಿಗಳು ಎರಡೆರಡು ಸಲ ಹಾಕಿಸಿಕೊಂಡರು.

ಹೊಸ ಶತಮಾನದ ಮೂರನೆಯ ವರ್ಷವೋ ನಾಲ್ಕನೆಯದೋ, ಅಣ್ಣನ ಪತ್ರ ಬಂತು. ಅಲ್ಲಿಯವರೆಗೆ ದೀಪಾವಳಿಗೂ ಬರೆಯದವನು "ಚಿರಂಜೀವಿ ಸೌಭಾಗ್ಯವತಿ ತಂಗಿಗೆ ಅನೇಕ ಆಶೀರ್ವಾದಗಳು" ಎಂದು ಬರೆದಿದ್ದ. ನೋಡಿದರೆ ಸಂಗತಿ ಬೇರೆ. ಖಾನಾವಳಿಯನ್ನು ಮಾರಿ ಮಗನಿಗೆ ಮೋಟಾರ್ ಸೈಕಲ್ ಅಂಗಡಿ ಹಾಕಿಕೊಡಬೇಕು. ಜಾಗ ಇನ್ನೂ ಅವ್ವನ ಹೆಸರಿನಲ್ಲೇ ಇದೆ, ಕಾನೂನಿನ ಪ್ರಕಾರ ಅರ್ಧ ನನ್ನದು. ನನ್ನ ಪಾಲು ಬೇಡವೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಕಟ್ಟೆಯ ಮೇಲೆ ಕೂಡಿಸಿದವಳ ಸಹಿ ಅವನಿಗೆ ಈಗ ಬೇಕಾಗಿತ್ತು. ನಾನು ಆ ಪತ್ರವನ್ನು ಮೂರು ಸಲ ಓದಿದೆ, ಒಂದೊಂದು ಸಲವೂ ಹೆಚ್ಚು ಸಿಹಿಯಾಯಿತು.

"ಸಹಿ ಹಾಕಬೇಡ. ಬಿದ್ದುಹೋಗಲಿ ಆ ಮನೆ" ಎಂದ ಮಾನೋಲಿ. ಅವನ ಅಕ್ಕನೂ ಹೋದ ವರ್ಷ ಬರೆದಿದ್ದಳಂತೆ. ಅವಳಿಗೆ ಮಕ್ಕಳಿಲ್ಲ, ಸೂರು ಸೋರುತ್ತಿದೆ, ಬಂದು ನಿನ್ನ ಮನೆ ನೋಡಿಕೋ ಎಂದು. ಅವನು ಉತ್ತರವಾಗಿ ಹೊಸ ಫೋಟೋ ಕಳಿಸಿದ. ಆಮೇಲೆ ಅವಳು ತೀರಿಕೊಂಡಳು. ಮನೆಗೆ ಬೀಗ ಬಿತ್ತು.

ಅದೇ ತಿಂಗಳು ಮಾನೋಲಿ ಇನ್ನೊಂದು ಕೆಲಸ ಮಾಡಿದ. ವಯಸ್ಸಾಯಿತೆಂದು ಹೋಟೆಲನ್ನು ಬರೆದುಕೊಟ್ಟ, ಮಗಳು ಕಲಿಯೋಪಿಗೆ. ಹದಿನೈದು ವರ್ಷ ಒಲೆಯ ಮುಂದೆ ಬೆಂದ ಯಾನಿಗೆ ಏನೂ ಇಲ್ಲ. ಯಾಕೆಂದು ಸೋಫಿಯಾ ಕೂಗಾಡಿದರೆ, ಇದು ನನ್ನ ತಾಯಿಯ ಮನೆ, ತಾಯಿಯ ಮನೆ ಹಿರಿಮಗಳದು, ನಮ್ಮ ದ್ವೀಪದ ಪದ್ಧತಿ ಎಂದ. ಯಾವ ಅನ್ಯಾಯಕ್ಕೆ ನಲವತ್ತು ವರ್ಷ ಹಲ್ಲು ಕಡಿದನೋ ಅದನ್ನೇ, ತನ್ನ ಸರದಿ ಬಂದಾಗ, ಕಣ್ಣು ಮಿಟುಕಿಸದೆ ಮಾಡಿದ. ಯಾನಿ ಏಪ್ರನ್ ಕಳಚಿ ಅಟ್ಟಣಿಗೆಯ ದಿಂಬುಗಳ ಮೇಲೆ ಎಸೆದು ಪರ್ತ್‌ಗೆ ಹೋದ. ಅವನೂ ಈಗ ಅಲ್ಲೆಲ್ಲೋ ಗೋಡೆಗೆ ತಟ್ಟೆ ತೂಗುಹಾಕುತ್ತಿರಬಹುದು.

ನನಗೆ ಯಾನಿಯ ಬಗ್ಗೆ ಮರುಕವಾಯಿತು. ಸುಳ್ಳು ಹೇಳುವುದಿಲ್ಲ, ಆ ಮರುಕದ ಬೆನ್ನಿಗೇ ಒಂದು ಉಪಾಯವೂ ಹೊಳೆಯಿತು. ಸಹಿ ಹಾಕದೆ ಸುಮ್ಮನಿದ್ದರೆ ಅಣ್ಣ ಇನ್ನು ಹತ್ತು ವರ್ಷ ಗಲ್ಲಾದ ಹಿಂದೆಯೇ ಕೂಡುತ್ತಾನೆ. ಅದು ಸೇಡಲ್ಲ. ಅಣ್ಣನಿಗೂ ಒಬ್ಬಳು ಹಿರಿಮಗಳಿದ್ದಾಳಲ್ಲ!

ಕಲಬುರಗಿಗೆ ಹೋದೆ. ಬಸ್ಸಿಳಿದು ನೇರವಾಗಿ ಖಾನಾವಳಿಗೆ ನಡೆದೆ. ಸಂಬಳದ ಅಡುಗೆಯವರೆಲ್ಲ ಬಿಟ್ಟುಹೋಗಿ, ಅಣ್ಣನ ಮಗಳು ಪದ್ಮಾ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಬಂದ ಗಂಡುಗಳನ್ನೆಲ್ಲ ಬೇಡವೆಂದು ಕಳಿಸಿ ಅಪ್ಪನಿಂದ ದಿನಾ ಬೈಸಿಕೊಳ್ಳುವವಳು. ನಾನು ಅಣ್ಣನ ಮಾತಿನಂತೆ ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತೆ.

"ಅಲ್ಯಾಕ ನಿಂತೀರಿ ಆತ್ಯಾ? ಒಳಗ ಬರ್ರಿ" ಎಂದಳು.

ಗಲ್ಲಾದಿಂದ ಅಣ್ಣ "ಪದ್ಮೀ!" ಎಂದು ಗದರಿದ. ಅವಳು ತಿರುಗಿಯೂ ನೋಡಲಿಲ್ಲ. "ಹಂಚಿನ ಮ್ಯಾಲ ರೊಟ್ಟಿ ಅದಪ್ಪಾ, ಹೊತ್ತತದ. ಆಮ್ಯಾಲ ಒದರು." ಆಗಲೇ ನಾನು ನಿರ್ಧಾರ ಗಟ್ಟಿ ಮಾಡಿಕೊಂಡೆ.

ಅಣ್ಣನ ಮುಂದೆ ನಾನು ಬೆಣ್ಣೆಯಂತೆ ಮಾತಾಡಿದೆ. ಸಹಿ ತಾನೇ, ಹಾಕುತ್ತೇನೆ, ಕಾಗದ ನಾನೇ ಬರೆಸುತ್ತೇನೆ, ಪದ್ಮಾ ಜೊತೆಗೆ ಬರಲಿ ಎಂದೆ. ಅವನು ನಾನು ಉದ್ದಕ್ಕೂ ಬೆಪ್ಪುತಕ್ಕಡಿ ಎಂದೇ ತಿಳಿದವನು, ನಂಬಿದ. ನೋಂದಣಿ ಕಚೇರಿಯಲ್ಲಿ ನನ್ನ ಅರ್ಧ ಪಾಲನ್ನು ಪದ್ಮಾಳ ಹೆಸರಿಗೆ ಬಕ್ಷೀಸು ಪತ್ರ ಮಾಡಿದೆ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಮಹಬೂಬ್ ಚಾಚಾ. ಕನ್ನಡಕ ಏರಿಸಿ ನಿಧಾನವಾಗಿ ಸಹಿ ಮಾಡಿ, "ನಿನ್ನ ಸಿಟ್ಟು ಭಾಳ ಮಹೀನ್ ಹೊಲಿಗಿ ಅದ ಬೇಟಿ" ಎಂದರು. ಮಹೀನ್ ಎಂದರೆ ನವಿರು. ಪದ್ಮಾ ಕಾಗದವನ್ನು ಎರಡು ಸಲ ಓದಿ ಸಹಿ ಮಾಡಿದಳು. ಅವಳ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ನಾನು ಅವಳನ್ನು ಸರಿಯಾಗಿ ನೋಡಿದ್ದೇ ಆ ವಾರ.

ಕಾಗದ ಅಣ್ಣನ ಕೈಗೆ ಕೊಟ್ಟಾಗ ಅವನ ಮುಖ ನೋಡಬೇಕಿತ್ತು. ಅದನ್ನು ನೆನೆಸಿಕೊಂಡು ಈಗಲೂ ಕೆಲವು ಸಲ ಒಬ್ಬಳೇ ನಗುತ್ತೇನೆ.

"ಇದೇನು ಮಾಡೀದಿ? ನನ್ನ ಮಗಳನ್ನಽ ನನ್ನ ಎದುರು ನಿಲ್ಲಿಸಿದ್ಯಲ್ಲ!"

"ನಾ ಕೊಟ್ಟ ಹೆಣ್ಣು, ಬ್ಯಾರೆ ಮನೀಕಿ. ಪದ್ಮಾ ನಿನ್ನ ಮನಿ ಮಗಳು. ನಿನ್ನ ಮನ್ಯಾಗೇ ಉಳೀತಲ್ಲೋ ಅಣ್ಣಾ, ಮತ್ತ್ಯಾಕ ಒದರ್ತಿ?"

ಊರ ಮುಂದೆ ಅವನು ಏನು ಹೇಳಬೇಕು? ಮಗಳಿಗೆ ಕೊಟ್ಟದ್ದು ತಪ್ಪು ಎನ್ನಬೇಕೇ? ಪದ್ಮಾಳ ಸಹಿ ಇಲ್ಲದೆ ಮಾರುವಂತಿಲ್ಲ, ಪದ್ಮಾ ಸಹಿ ಹಾಕಲಿಲ್ಲ. ಮಗ ಮುನಿಸಿಕೊಂಡು ಸೊಲ್ಲಾಪುರದ ಮಾವನ ಮನೆ ಸೇರಿದ. ಬೋರ್ಡು ಬದಲಾಯಿತು, ಅದರ ಮೇಲೆ ಅವ್ವನ ಹೆಸರು ಬಂತು. ಒಳಗೆ ಮೇಜು ಹಾಕಿಸಿ, ಯಾರು ಬಂದರೂ ಒಳಗೇ ಕೂಡಬೇಕೆಂದು ಪದ್ಮಾ ನಿಯಮ ಮಾಡಿದಳಂತೆ. ಇದೆಲ್ಲ ನನಗೆ ಫೋನಿನಲ್ಲಿ ತಿಳಿಯುತ್ತಿತ್ತು. ಕೇಳಿದ ದಿನವೆಲ್ಲ ನನ್ನ ಕೈಯ ಮಕರೂನೆಸ್ ಹಗುರವಾಗಿ ಬರುತ್ತಿತ್ತು.

ಮೂರು ವರ್ಷದ ಮೇಲೆ ಮತ್ತೆ ಹೋದೆ, ಗೆದ್ದದ್ದನ್ನು ಕಣ್ಣಾರೆ ನೋಡೋಣವೆಂದು. ಮೆಲ್ಬರ್ನಿನಿಂದಲೇ ಲೆಕ್ಕ ಹಾಕಿದ್ದೆ: ಅವ್ವನ ಒಲೆಯ ಮುಂದೆ ಕುಳಿತು ಗವಲಿ ಪಾಯಸ ಮಾಡುವುದು, ಅದನ್ನು ಅಣ್ಣ ನೋಡುವುದು. ಸೆರಗು ಸಿಕ್ಕಿಸಿ ಅಡುಗೆಮನೆಗೆ ನಡೆದೆ. ಒಳಗೆ ಮೂವರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ಕಾಲಿಡಲು ಜಾಗವಿರಲಿಲ್ಲ. ಪದ್ಮಾ ನನ್ನ ಎರಡೂ ಕೈ ಹಿಡಿದು ಅಕ್ಕರೆಯಿಂದ ಹೊರಗೆ ಕರೆತಂದಳು.

"ನೀವ್ಯಾಕ ಹೊಗ್ಯಾಗ ನಿಂದ್ರತೀರಿ ಆತ್ಯಾ? ನೀವು ಪಾವಣೇರು. ಆರಾಮ ಕೂಡ್ರಿ."

ಪಾವಣೇರು ಎಂದರೆ ಅತಿಥಿಗಳು. ಗವಲಿ ನಾನು ಹೊಸೆಯುತ್ತೇನೆ ಎಂದೆ. "ಈಗ ಅಂಗಡ್ಯಾಗ ಪಾಕೀಟೇ ಸಿಗ್ತಾವ್ರಿ, ನಿಮಗ್ಯಾಕ ತ್ರಾಸು" ಎಂದಳು. ಅಣ್ಣನ ಹೊಸ್ತಿಲನ್ನು ಬೈದು ದಾಟಬಹುದಿತ್ತು. ಈ ಹುಡುಗಿಯ ಮರ್ಯಾದೆಯನ್ನು ಹೇಗೆ ದಾಟಬೇಕೋ ನನಗೆ ತಿಳಿಯಲಿಲ್ಲ.

ಹೊರಗೆ ಹೋದೆ. ಕಟ್ಟೆಯ ಮೇಲೆ ಅಣ್ಣ ಕುಳಿತಿದ್ದ. ಒಳಗಿದ್ದರೆ ಉಪ್ಪು ಹೆಚ್ಚು, ಖಾರ ಕಮ್ಮಿ ಎಂದು ಕೊಂಕು ತೆಗೆಯುತ್ತಾನೆಂದು ಪದ್ಮಾ ಅವನನ್ನು ಅಲ್ಲಿಗೆ ಕಳಿಸಿದ್ದಳು. ಚಾಚಾ ಒಳಗೆ, ಫ್ಯಾನಿನ ಕೆಳಗಿನ ಮೇಜಿನಲ್ಲಿ ಉಣ್ಣುತ್ತಿದ್ದರು. ಅಂತೂ ನಾನು ಅಂದುಕೊಂಡಂತೆಯೇ ಆಗಿತ್ತು. ಅಣ್ಣ ನೆರಳಿನಲ್ಲಿ ಜಾಗ ಹಿಡಿದಿದ್ದ. "ಸರೀ ಆಚೆ" ಎಂದೆ. ಬಿಸಿಲಿಗೆ ಸರಿದ. ನಾನು ನೆರಳಿನಲ್ಲಿ ಕುಳಿತೆ. ಕ್ಷಮಿಸಿದೆನೆಂದು ಯಾರೂ ತಿಳಿಯಬೇಡಿ.

ಪದ್ಮಾ ಇಬ್ಬರಿಗೂ ಪಾಯಸದ ಬಟ್ಟಲು ತಂದಿಟ್ಟು ಹೋದಳು. ಅಣ್ಣ ಒಂದು ಗುಟುಕು ಕುಡಿದು ಕೆಳಗಿಟ್ಟ.

"ಇದು ಅವ್ವಂದಲ್ಲ."

"ಅಲ್ಲ" ಎಂದೆ. ನಾವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಜೀವಮಾನದಲ್ಲಿ ಅದೇ ಮೊದಲು.

ಅಣ್ಣ ನನ್ನ ಕೈಬೆರಳುಗಳನ್ನು ನೋಡುತ್ತ, "ನಿನಗ ಬರ್ತದಲ್ಲ... ಹೋಗೂದರೊಳಗ ಒಮ್ಮೆ ಮಾಡಿ ಹಾಕ್ತೀಯೇನು?" ಎಂದ.

ಹನ್ನೆರಡು ವರ್ಷದಿಂದ ಸಾಣೆ ಹಿಡಿದಿಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ಕುರಿ ಬೇಯಿಸೋ ಕೈ ಅಣ್ಣಾ, ಅವ್ವನ ಒಲಿಗೆ ಹತ್ತಬಾರದು." ಅವನು ತಲೆ ತಗ್ಗಿಸಿದ. ಆ ಮಾತು ನಾನು ಬಯಸಿದಷ್ಟೇ ಆಳಕ್ಕೆ ಇಳಿಯಿತು. ಅವನಿಗೆ ಮಾತ್ರ ತಾಗಲಿ ಎಂದುಕೊಂಡಿದ್ದೆ, ನನಗೂ ತಾಗಿತು. ಗವಲಿ ಮಾಡದೆಯೇ ಬಸ್ಸು ಹತ್ತಿದೆ.

ಈಗ ಇದನ್ನು ಮೆಲ್ಬರ್ನಿನಲ್ಲಿ, ಅವ್ವನ ಹೆಸರಿನ ತಟ್ಟೆಯ ಕೆಳಗೆ ಕುಳಿತು ಬರೆಯುತ್ತಿದ್ದೇನೆ. ಮಾನೋಲಿ ಈ ಬಾರಿಯೂ ಕೇಳಿದ, ಗೆದ್ದೆಯಾ ಎಂದು. ಗೆದ್ದೆ ಎಂದೆ. ಅವನು ತಲೆಯಾಡಿಸಿ, ಒಂದು ಹೊಸ ತಟ್ಟೆಯ ಫೋಟೋ ತೆಗೆದು, ಕಳಿಸಲು ಯಾರೂ ಇಲ್ಲದೆ ಗಲ್ಲಾದ ಡ್ರಾಯರಿನಲ್ಲಿ ಇಟ್ಟುಕೊಂಡ. ಒಳಗಿನಿಂದ ಸೋಫಿಯಾ "ಎಲಾ" ಎನ್ನುತ್ತಿದ್ದಾಳೆ. ಹಿಟ್ಟು ನಾದಿಯಾಗಿದೆ, ಹೋಗಬೇಕು. ಇಲ್ಲಿಯ ಅಡುಗೆಮನೆಯಲ್ಲಿ ನನ್ನನ್ನು ಯಾರೂ ತಡೆಯುವುದಿಲ್ಲ, ಆದರೆ ಇದು ನನ್ನದಲ್ಲ. ನನ್ನದಾಗಿದ್ದ ಒಂದನ್ನು ನಾನೇ ಕೊಟ್ಟುಬಿಟ್ಟೆ, ಅಣ್ಣನಿಗೆ ಸಿಗಬಾರದೆಂದು.